ಮೊಂಟಾನಾದಲ್ಲಿ ವಸಂತದ ಕಪ್ಪು ಕರಡಿ ಬೇಟೆ: ಗೈಡ್ ಇಲ್ಲದೆ ಹೋಗುವ ಯೋಜನೆಗೆ ಸಲಹೆ ಬೇಕು

ಹಾಸನದ ಹುಡುಗ
ನಾನು ಸಿಯಾಟಲ್ ಬಳಿ ಇರುವವನು. ಗ್ರೀನ್ ಕಾರ್ಡ್ ಇದೆ. ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿದ್ದೇನೆ, ಸಹೋದ್ಯೋಗಿಗಳ ಜೊತೆ ಜಿಂಕೆ ಬೇಟೆಗೆ ಹೋಗಿ ಬಂದಿದ್ದೇನೆ. ಈ ಸಲ ಮೇ ತಿಂಗಳಲ್ಲಿ ಕಪ್ಪು ಕರಡಿಗೆ ಹೋಗುವ ಆಸೆ. ವಾಷಿಂಗ್ಟನ್ ರಾಜ್ಯ 2022ರಲ್ಲಿ ವಸಂತದ ಕರಡಿ ಬೇಟೆಯನ್ನು ಕೈಬಿಟ್ಟಿತು. ಹಾಗಾಗಿ ಪಶ್ಚಿಮ ಮೊಂಟಾನಾ ನೋಡುತ್ತಿದ್ದೇನೆ. ಐ-90 ಹೆದ್ದಾರಿ ಹಿಡಿದರೆ ಅಲ್ಲಿನ ಮಿಸ್ಸೂಲಾ ಊರು ಒಂದು ಹಗಲಿನ ದಾರಿ. ಗೈಡ್‌ಗೆ ಕೊಡುವಷ್ಟು ಹಣವಿಲ್ಲ. ಇದ್ದರೂ ಕೊಡುವ ಮನಸ್ಸಿಲ್ಲ, ಎಲ್ಲವನ್ನೂ ನಾವೇ ಮಾಡಬೇಕು. ಜೊತೆಗೆ ಒಬ್ಬ ಸ್ನೇಹಿತ ಬರುತ್ತಾನೆ. ಅವನು ಕೋವಿ ಮುಟ್ಟುವುದಿಲ್ಲ, ಹೊರೆ ಹೊರಲು ಸಿದ್ಧ.

ಭೂಪಟ ನೋಡಿ ಒಂದು ಕೊಳ್ಳ ಗುರುತಿಸಿದ್ದೇನೆ. ಅರಣ್ಯ ರಸ್ತೆಯ ಗೇಟ್‌ನಿಂದ 11 ಕಿ.ಮೀ. ಒಳಗೆ, ಬೇರೆ ಯಾರೂ ಅಷ್ಟು ದೂರ ಬರಲಾರರು ಎಂಬ ಲೆಕ್ಕ. ಯಾವ ವಾರ ಹೋಗಬೇಕು, ಎಷ್ಟು ಎತ್ತರದಲ್ಲಿ ಹುಡುಕಬೇಕು, .308 ರೈಫಲ್ ಸಾಕಾಗುತ್ತದೆಯೇ? ತಿಳಿದವರು ಹೇಳಿ.

ಕಾಚಂಪುಳಿ
ಕೇಳಿದ ಮೂರಕ್ಕೂ ಉತ್ತರವಿದೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದನ್ನೇ ಬಿಟ್ಟಿದ್ದೀರಿ: ಹೊಡೆದ ಕರಡಿಯನ್ನು ಅಲ್ಲಿಂದ ಹೊರಗೆ ತರುವುದು ಹೇಗೆ?

ಲೆಕ್ಕ ಹಾಕಿ. ಮಧ್ಯಮ ಗಾತ್ರದ ಕರಡಿಯಿಂದ ಮೂಳೆ ಬಿಡಿಸಿದ ಮಾಂಸವೇ 30-40 ಕಿಲೊ ಬರುತ್ತದೆ. ತಲೆ, ಪಾದಗಳ ಸಮೇತ ಹಸಿ ಚರ್ಮ ಇನ್ನೂ 15 ಕಿಲೊ ದಾಟೀತು. ಅದನ್ನು ಬೆನ್ನಿಗೆ ಕಟ್ಟಿಕೊಂಡರೆ ಮಳೆಯಲ್ಲಿ ನೆನೆದ ಹತ್ತಿ ಹಾಸಿಗೆ ಹೊತ್ತ ಹಾಗೆ, ಎಲ್ಲ ಕಡೆಗೂ ಜೋಲುತ್ತದೆ. ಅದರ ಮೇಲೆ ನಿಮ್ಮ ಗುಡಾರ, ಒಲೆ, ಮಲಗುವ ಚೀಲ. ಇಬ್ಬರಿಗೆ ಒಂದೇ ಸುತ್ತಿನಲ್ಲಿ ಆಗುವ ಕೆಲಸವಲ್ಲ. ಹೊರಗೆ 11, ಮತ್ತೆ ಒಳಗೆ 11, ಮತ್ತೆ ಹೊರಗೆ 11. ಒಟ್ಟು 33 ಕಿ.ಮೀ., ಅದರಲ್ಲಿ ಎರಡು ಪಾಲು ಹೊರೆಯೊಂದಿಗೆ. ಅಷ್ಟರಲ್ಲಿ ಮೇ ತಿಂಗಳ ಬಿಸಿಲು ಉಳಿದರ್ಧ ಮಾಂಸವನ್ನು ಏನು ಮಾಡಿರುತ್ತದೆ? ಕರಡಿಯ ತುಪ್ಪಳವೂ ಕೊಬ್ಬೂ ದೇಹದ ಶಾಖವನ್ನು ಬಿಡುವುದಿಲ್ಲ. ಸತ್ತ ಕೂಡಲೇ ಚರ್ಮ ಬಿಡಿಸಿ, ಮಾಂಸವನ್ನು ಗಾಳಿಯಾಡುವ ಚೀಲದಲ್ಲಿ ನೆರಳಿಗೆ ತೂಗುಹಾಕದಿದ್ದರೆ ತೊಡೆಯ ಮೂಳೆಯ ಸುತ್ತ ಹುಳಿಯಲು ತೊಡಗುತ್ತದೆ.

ಆದ್ದರಿಂದ ಭೂಪಟದಲ್ಲಿ ಮೊದಲು ಗೇಟ್ ಹುಡುಕಿ, ಅಲ್ಲಿಂದ 4-5 ಕಿ.ಮೀ. ವೃತ್ತ ಹಾಕಿ. ಹೊರೆ ಹೊತ್ತಾಗ ಇಳಿಜಾರಿನಲ್ಲೇ ಹೊರಬರುವಂಥ ಜಾಗ ಅದರೊಳಗೆ ಎಲ್ಲಿದೆ ನೋಡಿ. ಎಷ್ಟೋ ಗೇಟ್‌ಗಳು ಮೇ ಮಧ್ಯದವರೆಗೆ, ಕೆಲವು ಜೂನ್‌ವರೆಗೆ ವಾಹನಗಳಿಗೆ ಮುಚ್ಚಿರುತ್ತವೆ. ಮುಚ್ಚಿದ ರಸ್ತೆಯಲ್ಲಿ ನಡೆಯಬಹುದು, ಎಷ್ಟೋ ಕಡೆ ಸೈಕಲ್ಲನ್ನೂ ಬಿಡುತ್ತಾರೆ. ಆದರೆ 1964ರ ವನ್ಯಪ್ರದೇಶ ಕಾಯ್ದೆಯಡಿ ಘೋಷಿಸಿದ ಜಾಗಗಳಲ್ಲಿ, ಉದಾಹರಣೆಗೆ ಬಾಬ್ ಮಾರ್ಷಲ್‌ನಲ್ಲಿ, ಸೈಕಲ್ ನಿಷಿದ್ಧ. ಅರಣ್ಯ ಕಚೇರಿಗೆ ಒಂದು ಫೋನ್ ಮಾಡಿದರೆ ಯಾವ ಗೇಟ್ ಯಾವಾಗ ತೆರೆಯುತ್ತದೆ, ಹಿಮ ಎಲ್ಲಿಯವರೆಗೆ ಕರಗಿದೆ, ಎರಡನ್ನೂ ಹೇಳುತ್ತಾರೆ.

ಹಾಸನದ ಹುಡುಗ
ಅಕ್ಕ, 33ರ ಲೆಕ್ಕ ನೋಡಿ ಸ್ನೇಹಿತ ಈಗಲೇ ಬೆನ್ನು ಹಿಡಿದುಕೊಂಡು ಕುಳಿತಿದ್ದಾನೆ. 11 ಕಿ.ಮೀ. ಕೊಳ್ಳ ರದ್ದು. ವಾರ ಮತ್ತು ಎತ್ತರದ ಬಗ್ಗೆ?

ಕಾಚಂಪುಳಿ
ಎತ್ತರಕ್ಕೆ ಒಂದೇ ಅಂಕಿ ಹೇಳುವವರನ್ನು ನಂಬಬೇಡಿ. ಚಳಿಗಾಲದ ನಿದ್ದೆಯಿಂದ ಎದ್ದ ಕರಡಿ ಹುಲ್ಲು ಮೇಯುತ್ತದೆ. ಎಳೆ ಹುಲ್ಲು, ಕ್ಲೋವರ್, ಡ್ಯಾಂಡೆಲಿಯನ್, ಹಿಮ ಸರಿದ ಜಾಗದಲ್ಲಿ ಏಳುವ ಹಳದಿ ಗ್ಲೇಸಿಯರ್ ಲಿಲಿ. ಹಿಮದಲ್ಲಿ ಸತ್ತ ಜಿಂಕೆ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಹುಲ್ಲು ಎಲ್ಲಿ ಬೆರಳುದ್ದ ಎದ್ದಿದೆಯೋ ಅಲ್ಲಿ ಕರಡಿ. ಬಿಸಿಲು ನೇರವಾಗಿ ಬೀಳುವ ದಕ್ಷಿಣದ ಇಳಿಜಾರುಗಳು ಮೊದಲು ಹಸಿರಾಗುತ್ತವೆ. ಕೆಳಗೆ ಶುರುವಾದ ಹಸಿರು ವಾರವಾರಕ್ಕೆ ಮೇಲೇರುತ್ತದೆ, ಕರಡಿ ಅದರ ಹಿಂದೆ. ಮಿಸ್ಸೂಲಾದ ದಕ್ಷಿಣಕ್ಕಿರುವ ಬಿಟರ್‌ರೂಟ್ ಕಣಿವೆಯ ತಳವೇ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಏಪ್ರಿಲ್ ಕೊನೆಗೆ ಅದರ ಸ್ವಲ್ಪ ಮೇಲೆ ಹುಡುಕಿದರೆ, ಮೇ ಕೊನೆಗೆ 1,800 ಮೀಟರ್ ಆಸುಪಾಸಿಗೆ ಏರಬೇಕಾಗಬಹುದು. ತಡವಾಗಿ ಹಿಮ ಬಿದ್ದ ವರ್ಷ ಇದೆಲ್ಲ ಎರಡು ವಾರ ಹಿಂದೆ ಸರಿಯುತ್ತದೆ. ಹೋದ ದಿನ ಹಿಮದ ಅಂಚು ಎಲ್ಲಿದೆ ನೋಡಿ, ಅದರ ಕೆಳಗಿನ ಹಸಿರು ಪಟ್ಟಿಯನ್ನು ಹುಡುಕಿ.

ಮೊಂಟಾನಾದಲ್ಲಿ ಋತು ಏಪ್ರಿಲ್ 15ಕ್ಕೆ ಆರಂಭ. ಮುಗಿಯುವುದು ಜಾಗವನ್ನು ಅವಲಂಬಿಸಿದೆ, ಕೆಲವೆಡೆ ಮೇ 31, ಕೆಲವೆಡೆ ಜೂನ್ 15. ಗಂಡುಗಳು ಮೊದಲು ಗುಹೆ ಬಿಡುತ್ತವೆ, ಹೊಸ ಮರಿಗಳಿರುವ ಹೆಣ್ಣುಗಳು ಎಲ್ಲರಿಗಿಂತ ಕೊನೆಗೆ. ಮೇ ಕೊನೆಯಿಂದ ಕೂಡುವ ಕಾಲ. ದೊಡ್ಡ ಗಂಡುಗಳು ಹಗಲಲ್ಲೂ ಅಲೆಯುತ್ತವೆ, ಕಣ್ಣಿಗೆ ಬೀಳುತ್ತವೆ. ಆದರೆ ಅಷ್ಟರಲ್ಲಿ ಮರಕ್ಕೆ ಮೈ ಉಜ್ಜಿ ತುಪ್ಪಳ ಅಲ್ಲಲ್ಲಿ ಉದುರಿರುತ್ತದೆ. ಚರ್ಮ ಮುಖ್ಯವಾದರೆ ಮೇ ಮೊದಲಾರ್ಧ. ಕರಡಿ ಕಾಣುವುದೇ ಮುಖ್ಯವಾದರೆ ಮೇ ಕೊನೆಯ ವಾರ. ನನ್ನನ್ನು ಕೇಳಿದರೆ ಎರಡನೆಯದು.

ದೂರದೃಷ್ಟಿ
ಅಕ್ಕ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಇದು ಕಾಡು ಸುತ್ತುವ ಬೇಟೆಯಲ್ಲ, ಕೂರುವ ಬೇಟೆ. ಹಸಿರು ಇಳಿಜಾರಿಗೆ ಹೋಗಬೇಡಿ; ಅದರ ಎದುರಿನ ಏಣಿನ ಮೇಲೆ ಕುಳಿತು ಇಡೀ ಇಳಿಜಾರನ್ನು ದುರ್ಬೀನಿನಿಂದ ಸೋಸಿ. ಹಿಮಕುಸಿತದ ಜಾಡುಗಳು, ಹಳೆಯ ಮರ ಕಡಿದ ಬಯಲುಗಳು, ಕ್ಲೋವರ್ ಬೆಳೆದು ಮುಚ್ಚಿಹೋದ ನಾಟಾ ರಸ್ತೆಗಳು, ಇವು ಮೂರು ಸಾಕು. ದುರ್ಬೀನನ್ನು ತ್ರಿಪಾದಿಯ ಮೇಲೆ ಕೂರಿಸಿ. ಕೈಯಲ್ಲಿ ಹಿಡಿದರೆ ಹತ್ತು ನಿಮಿಷಕ್ಕೆ ತೋಳು ನಡುಗುತ್ತದೆ, ಕಣ್ಣು ಸುಳ್ಳು ಹೇಳುತ್ತದೆ. ರೈಫಲ್‌ಗೆ ಇಟ್ಟ ಹಣದಲ್ಲಿ ಸ್ವಲ್ಪ ಕಡಿತ ಮಾಡಿಯಾದರೂ ತ್ರಿಪಾದಿ ಕೊಳ್ಳಿ.

ಬೆಳಿಗ್ಗೆ ಬೇಗ ಎದ್ದು ಸಾಹಸ ಮಾಡುವ ಅಗತ್ಯವಿಲ್ಲ. ಮಧ್ಯಾಹ್ನ 3ರಿಂದ ಕತ್ತಲಾಗುವವರೆಗೆ ಕುಳಿತುಕೊಳ್ಳಿ. ಮೇ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9 ದಾಟಿದ ಮೇಲೆ; ಸೂರ್ಯಾಸ್ತದ ನಂತರ ಅರ್ಧ ಗಂಟೆಯವರೆಗೆ ಗುಂಡು ಹಾರಿಸಲು ಕಾನೂನಿನ ಅವಕಾಶವಿದೆ. ಕೊನೆಯ ಒಂದೂವರೆ ಗಂಟೆ ಉಳಿದ ಇಡೀ ದಿನಕ್ಕೆ ಸಮ.

2000ನೇ ಇಸವಿಯ ಬೇಸಿಗೆಯಲ್ಲಿ ಬಿಟರ್‌ರೂಟ್‌ನಲ್ಲಿ ದೊಡ್ಡ ಕಾಡ್ಗಿಚ್ಚು ಎದ್ದಿತ್ತು, ಆಮೇಲೂ ಬೇರೆ ಬೇರೆ ವರ್ಷಗಳಲ್ಲಿ ಉರಿದಿದೆ. ಸುಟ್ಟ ಮರದ ಬುಡಗಳೆಲ್ಲ ಮೊದಲ ದಿನ ನಿಮಗೆ ಕರಡಿಯೇ. ಎರಡನೆಯ ದಿನಕ್ಕೆ ಅವುಗಳ ಪರಿಚಯವಾಗುತ್ತದೆ. ಆಮೇಲೆ ನಿನ್ನೆ ಇಲ್ಲದ ಬುಡವೊಂದು ಇಂದು ಕಂಡರೆ ಆಗ ಎದೆ ಹೊಡೆದುಕೊಳ್ಳಲಿ.

ಮೇಯುತ್ತ ನಿಂತ ಕರಡಿಯ ಹತ್ತಿರ ಹೋಗಬಹುದು. ನಡೆಯುತ್ತಿರುವ ಕರಡಿಯ ಹಿಂದೆ ಓಡಬೇಡಿ, ಅದು ಸುಮ್ಮನೆ ನಡೆದೇ ನಿಮ್ಮನ್ನು ಸೋಲಿಸುತ್ತದೆ. ಅದರ ಕಣ್ಣಿಗಿಂತ ಮೂಗಿಗೆ ಹೆದರಿ. ಬಿಸಿಲಿರುವಾಗ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತದೆ, ಸಂಜೆ ತಂಪಾದೊಡನೆ ಕೆಳಗಿಳಿಯುತ್ತದೆ. ಸಂಜೆ ಮೇಲಿನಿಂದ ಕರಡಿಯತ್ತ ಇಳಿದರೆ ನಿಮ್ಮ ಬೆವರಿನ ವಾಸನೆ ನಿಮಗಿಂತ ಮೊದಲು ತಲುಪಿರುತ್ತದೆ.

ಬಾಯ್ಸಿ ನಿವಾಸಿ
ಇಷ್ಟೆಲ್ಲ ಕಷ್ಟ ಯಾಕೆ? ದಾರಿಯಲ್ಲೇ ಇಡಾಹೊ ಸಿಗುತ್ತದೆ. ಇಲ್ಲಿ ಬೇಟೆಗಾಗಿ ವಿಂಗಡಿಸಿದ ಹಲವು ಘಟಕಗಳಲ್ಲಿ ಆಮಿಷ ಇಟ್ಟು ಕಾಯಲು ಅನುಮತಿ ಇದೆ. ಹತ್ತಿರದಿಂದ ನೋಡಿ, ಗಂಡೋ ಹೆಣ್ಣೋ, ಮರಿ ಇದೆಯೋ ಇಲ್ಲವೋ ಖಚಿತಪಡಿಸಿಕೊಂಡು ಹೊಡೆಯಬಹುದು.

ಕಾಚಂಪುಳಿ
ಹತ್ತಿರದಿಂದ ನೋಡಲು ಸಿಗುತ್ತದೆ ಎಂಬ ಮಾತು ನಿಜ, ಒಪ್ಪುತ್ತೇನೆ. ಆದರೆ ಆಮಿಷಕ್ಕೆ ಪ್ರತ್ಯೇಕ ಪರವಾನಗಿ ಬೇಕು, ಮತ್ತೆ ಮತ್ತೆ ಹೋಗಿ ತುಂಬುತ್ತಿರಬೇಕು. ಸಿಯಾಟಲ್‌ನಲ್ಲಿ ಕುಳಿತವರಿಗೆ ಅದು ಆಗುವ ಮಾತಲ್ಲ. ಮೊಂಟಾನಾದಲ್ಲಂತೂ ಕರಡಿಗೆ ಆಮಿಷ ಇಡುವುದು ಅಪರಾಧ. ಅಲ್ಲಿನ ರೂಢಿ ನೋಡಿ ಇಲ್ಲಿ ಒಂದು ಡಬ್ಬಿ ಬೆಲ್ಲ ಸುರಿಯುವ ಯೋಚನೆ ಯಾರಿಗೂ ಬರದಿರಲಿ.

ತುಂಗಾತೀರ
ಕ್ಷಮಿಸಿ, ಇಲ್ಲಿ ಒಂದು ವಿರೋಧದ ದನಿಯೂ ಇರಲಿ. ದರೋಜಿಯಲ್ಲಿ ಸಂಜೆ ಕರಡಿಗಳು ಬೆಟ್ಟದಿಂದ ಇಳಿದು ಬಂಡೆಗೆ ಹಚ್ಚಿದ ಸಿಹಿ ನೆಕ್ಕುವುದನ್ನು ನೋಡಿದವನು ನಾನು. ನಾಲ್ಕು ತಿಂಗಳು ಉಪವಾಸವಿದ್ದು ಹೊರಬಂದ ಪ್ರಾಣಿಯನ್ನು ಹುಲ್ಲು ತಿನ್ನುವಾಗ ಹೊಡೆಯುವುದರಲ್ಲಿ ಏನು ಸಾಧನೆ? ತಾಯಿ ಸತ್ತರೆ ಮರಿಗಳ ಗತಿ ಏನು?

ಕಾಚಂಪುಳಿ
ಕ್ಷಮೆ ಯಾಕೆ, ಕೇಳಬೇಕಾದ ಪ್ರಶ್ನೆಯೇ. ದರೋಜಿಯ ಕರಡಿಗೂ ಇದಕ್ಕೂ ಜಾತಿ ಬೇರೆ, ಸ್ಥಿತಿಯೂ ಬೇರೆ. ನಮ್ಮ ಕರಡಿಗಳು ಒಟ್ಟು 20,000ಕ್ಕಿಂತ ಕಡಿಮೆ ಎಂಬ ಅಂದಾಜಿದೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ, ಇರಲೇಬೇಕು. ಉತ್ತರ ಅಮೆರಿಕದ ಕಪ್ಪು ಕರಡಿಗಳ ಅಂದಾಜು ಎಂಟು ಲಕ್ಷಕ್ಕೂ ಮೇಲೆ. ಆದರೆ ಸಂಖ್ಯೆ ಹೇಳಿ ನಿಮ್ಮ ಎರಡನೆಯ ಪ್ರಶ್ನೆಯನ್ನು ಮುಚ್ಚಲಾರೆ. 1992ರಲ್ಲಿ ಕೊಲೊರಾಡೊ ಮತದಾರರು ವಸಂತದ ಬೇಟೆಯನ್ನು ನಿಲ್ಲಿಸಿದರು. ತಾಯಿ ಕಳೆದುಕೊಳ್ಳುವ ಮರಿಗಳು ಅಲ್ಲಿನ ಮುಖ್ಯ ವಾದವಾಗಿದ್ದವು. ಚಳಿಗಾಲದ ನಡುವೆ ಗುಹೆಯಲ್ಲಿ ಹುಟ್ಟಿದ ಮರಿ ಮೇ ತಿಂಗಳಲ್ಲಿ ತಾಯಿ ಇಲ್ಲದೆ ಬದುಕುವುದಿಲ್ಲ.

ಮರಿ ಜೊತೆಗಿರುವ ಹೆಣ್ಣನ್ನು ಹೊಡೆಯುವುದು ಮೊಂಟಾನಾದಲ್ಲಿ ಕಾನೂನುಬಾಹಿರ. ಆದರೆ ತಾಯಿ ಮೇಯುವಾಗ ಮರಿಗಳು ಮರದ ಮೇಲಿರಬಹುದು, ಪೊದೆಯ ಹಿಂದೆ ಮಲಗಿರಬಹುದು. ಒಂಟಿ ಕರಡಿ ಕಂಡಿತು ಎಂದ ಮಾತ್ರಕ್ಕೆ ಅದು ಒಂಟಿಯಲ್ಲ. ನಾನು ಅರ್ಧ ಗಂಟೆಗೆ ಕಡಿಮೆ ನೋಡದೆ ರೈಫಲ್ ಎತ್ತುವುದಿಲ್ಲ. ಅದು ಆಗಾಗ ಹಿಂದೆ ತಿರುಗಿ ನೋಡುತ್ತದೆಯೇ, ಒಂದೇ ಮರದ ಸುತ್ತ ಸುಳಿಯುತ್ತದೆಯೇ ಎಂಬುದನ್ನು ಗಮನಿಸುತ್ತೇನೆ. ಆ ಅರ್ಧ ಗಂಟೆಯಲ್ಲಿ ಕರಡಿ ಕಾಡಿಗೆ ಹೊಕ್ಕರೆ ಹೋಗಲಿ. ಹಾಸನದವರೇ, ಇದನ್ನು ಒಪ್ಪದಿದ್ದರೆ ನಿಮ್ಮ ಯೋಜನೆಗೆ ನನ್ನ ಸಲಹೆ ಇಲ್ಲಿಗೆ ನಿಲ್ಲುತ್ತದೆ.

ಹಾಸನದ ಹುಡುಗ
ಒಪ್ಪಿದೆ ಅಕ್ಕ.

ತುಂಗಾತೀರ
ನನಗೆ ಇನ್ನೂ ಇಷ್ಟವಾಗಿಲ್ಲ. ಆದರೆ ಉತ್ತರ ಪ್ರಾಮಾಣಿಕವಾಗಿದೆ.

ನಿಯಮಾವಳಿ
ಕಾಗದಪತ್ರಗಳ ವಿಷಯ ಯಾರೂ ಎತ್ತಿಲ್ಲ. 1985ರ ಜನವರಿ 1ರ ನಂತರ ಹುಟ್ಟಿದವರಿಗೆ ಮೊಂಟಾನಾದಲ್ಲಿ ಬೇಟೆ ತರಬೇತಿಯ ಪ್ರಮಾಣಪತ್ರ ಕಡ್ಡಾಯ. ವಾಷಿಂಗ್ಟನ್‌ನಲ್ಲಿ ಪಡೆದದ್ದು ನಡೆಯುತ್ತದೆ. ಅದಲ್ಲದೆ ಕರಡಿ ಗುರುತಿಸುವ ಪರೀಕ್ಷೆಯನ್ನು ಪಾಸು ಮಾಡದೆ ಕರಡಿ ಪರವಾನಗಿ ಕೊಡುವುದಿಲ್ಲ. ಆನ್‌ಲೈನ್‌ನಲ್ಲೇ ಬರೆಯಬಹುದು. ಕೆಲವು ಘಟಕಗಳಲ್ಲಿ ಹೆಣ್ಣು ಕರಡಿಗಳ ಮಿತಿ ತುಂಬಿದೊಡನೆ ಋತು ಮುಗಿಯುವ ಮೊದಲೇ ಬೇಟೆ ಮುಚ್ಚುತ್ತದೆ. ಹೊರಡುವ ದಿನ ಬೆಳಿಗ್ಗೆ ರಾಜ್ಯದ ವನ್ಯಜೀವಿ ಇಲಾಖೆಯ ಜಾಲಪುಟ ನೋಡಿ. ಹೊಡೆದ ನಂತರ 48 ಗಂಟೆಗಳೊಳಗೆ ವರದಿ ಮಾಡಬೇಕು. ಗಂಡೋ ಹೆಣ್ಣೋ ತಿಳಿಯುವ ಗುರುತನ್ನು ಚರ್ಮದಲ್ಲಿ ಉಳಿಸಿಕೊಳ್ಳಬೇಕು. ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯೇ ಇಲ್ಲ, ಬುಡಕಟ್ಟುಗಳ ರಿಸರ್ವೇಶನ್ ಭೂಮಿಗೆ ಅವರದೇ ನಿಯಮ. ಗಡಿ ತೋರಿಸುವ ಭೂಪಟವನ್ನು ಸಿಗ್ನಲ್ ಇಲ್ಲದಾಗಲೂ ತೆರೆಯುವಂತೆ ಮೊಬೈಲ್‌ಗೆ ಇಳಿಸಿಕೊಳ್ಳಿ.

ಡಲ್ಲಾಸ್ ಗೆಳೆಯ
ನಾನು ಎಚ್-1ಬಿ ವೀಸಾದಲ್ಲಿರುವವನು. ನಾನೂ ಹೋಗಬಹುದೇ?

ನಿಯಮಾವಳಿ
ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಪರವಾನಗಿ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಅಂದರೆ ಮೊದಲು ಪರವಾನಗಿ, ಆಮೇಲೆ ರೈಫಲ್. ಸ್ನೇಹಿತನ ರೈಫಲ್ಲನ್ನು ಸುಮ್ಮನೆ ಕೈಗೆ ತೆಗೆದುಕೊಂಡು ಫೋಟೊ ತೆಗೆಸಿಕೊಳ್ಳುವ ಮುನ್ನವೂ ಇದನ್ನು ನೆನಪಿಡಿ. ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ವಲಸೆ ವಕೀಲರ ಹತ್ತಿರ ಒಮ್ಮೆ ಮಾತಾಡಿಯೇ ಮುಂದುವರಿಯಿರಿ. ಇದರಲ್ಲಿ ಎಡವಿದರೆ ವೀಸಾಗೇ ಕುತ್ತು.

ಹಾಸನದ ಹುಡುಗ
ಕರಡಿ ಗುರುತಿಸುವ ಆ ಪರೀಕ್ಷೆಯ ಮಾದರಿ ಪ್ರಶ್ನೆಗಳನ್ನು ನೋಡಿದೆ. ಕಂದು ಬಣ್ಣದ ಚಿತ್ರ ನೋಡಿ ಗ್ರಿಜ್ಲಿ (ಹೊಡೆಯಬಾರದ ಆ ಇನ್ನೊಂದು ಜಾತಿಯ ಕರಡಿ) ಎಂದೆ; ಅದು ಕಪ್ಪು ಕರಡಿಯಂತೆ!

ದೂರದೃಷ್ಟಿ
ಬಣ್ಣವನ್ನು ತಲೆಯಿಂದ ತೆಗೆದುಹಾಕಿ. ಅಲ್ಲಿನ ಕಪ್ಪು ಕರಡಿಗಳಲ್ಲಿ ಕಂದು, ದಾಲ್ಚಿನ್ನಿ, ಹೊಂಬಣ್ಣದವು ಬೇಕಾದಷ್ಟಿವೆ, ಗ್ರಿಜ್ಲಿಯೂ ಕಪ್ಪಾಗಿರಬಹುದು. ಗಾತ್ರವೂ ಮೋಸ ಮಾಡುತ್ತದೆ. ನೋಡಬೇಕಾದದ್ದು ಭುಜದ ಮೇಲಿನ ಡುಬ್ಬ, ಮುಖದ ಅಡ್ಡನೋಟ, ಕಿವಿ, ಮುಂಗಾಲಿನ ಉಗುರು. ಗ್ರಿಜ್ಲಿಗೆ ಡುಬ್ಬ ಎದ್ದು ಕಾಣುತ್ತದೆ, ಹಣೆ ಮತ್ತು ಮೂಗಿನ ನಡುವೆ ತಗ್ಗು, ಕಿವಿ ಚಿಕ್ಕದು ಮತ್ತು ದುಂಡಗೆ, ಉಗುರು ಉದ್ದ. ಕಪ್ಪು ಕರಡಿಯ ಮುಖ ನೇರ, ಕಿವಿ ತಲೆಗೆ ಹೋಲಿಸಿದರೆ ದೊಡ್ಡದು. ಒಂದೇ ಲಕ್ಷಣ ನೋಡಿ ತೀರ್ಮಾನಿಸಬೇಡಿ. ತಲೆ ಬಗ್ಗಿಸಿ ಮೇಯುವಾಗ ಕಪ್ಪು ಕರಡಿಗೂ ಡುಬ್ಬ ಇದ್ದಂತೆ ತೋರುತ್ತದೆ.

ಅಲಾಸ್ಕಾ ಬಿಟ್ಟು ಕೆಳಗಿನ 48 ರಾಜ್ಯಗಳಲ್ಲಿ ಗ್ರಿಜ್ಲಿಗೆ 1975ರಿಂದ ಫೆಡರಲ್ ರಕ್ಷಣೆ ಇದೆ. ಗ್ಲೇಸಿಯರ್ ಮತ್ತು ಬಾಬ್ ಮಾರ್ಷಲ್ ಸುತ್ತಲಿನ ಪ್ರದೇಶದಲ್ಲೇ ಸಾವಿರದಷ್ಟಿವೆ, ಈಗ ಬಿಟರ್‌ರೂಟ್ ಕಡೆಗೂ ಕಾಣಿಸಿಕೊಳ್ಳುತ್ತಿವೆ. ‘ಇಲ್ಲಿ ಗ್ರಿಜ್ಲಿ ಇಲ್ಲ’ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ, ನಂಬಬೇಡಿ.

ಕಾಚಂಪುಳಿ
ಅದಕ್ಕೇ ಕರಡಿ ಸ್ಪ್ರೇ (ಮೇಲೆ ಬಂದ ಕರಡಿಯ ಮುಖಕ್ಕೆ ಚಿಮ್ಮಿಸುವ ಖಾರ) ಸೊಂಟದಲ್ಲಿರಲಿ, ಚೀಲದಲ್ಲಲ್ಲ. ಇಬ್ಬರಿಗೂ ಒಂದೊಂದು. ಮಾಂಸ ಬಿಡಿಸುವಾಗ ಒಬ್ಬರು ಚಾಕು ಹಿಡಿದರೆ ಇನ್ನೊಬ್ಬರು ಸುತ್ತ ನೋಡುತ್ತಿರಬೇಕು; ಕೋವಿ ಮುಟ್ಟದ ಸ್ನೇಹಿತನಿಗೆ ಇದೇ ಕೆಲಸ. ಊಟದ ಸಾಮಾನು, ಹಲ್ಲುಜ್ಜುವ ಪೇಸ್ಟ್, ಎಲ್ಲವನ್ನೂ ನೆಲದಿಂದ 10 ಅಡಿ ಮೇಲೆ, ಮರದ ಕಾಂಡದಿಂದ 4 ಅಡಿ ಆಚೆಗೆ ತೂಗುಹಾಕಬೇಕು. ಗ್ರಿಜ್ಲಿ ಇರುವ ರಾಷ್ಟ್ರೀಯ ಅರಣ್ಯಗಳಲ್ಲಿ ಇದು ಸಲಹೆಯಲ್ಲ, ಆದೇಶ.

ಇನ್ನು ರೈಫಲ್. .308 ಧಾರಾಳ ಸಾಕು. ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವಳು ನಾನು. ಕೋವಿ ದೊಡ್ಡದಾದರೆ ಗುರಿ ಚೆನ್ನಾಗುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ಕುಳಿತ ಭಂಗಿಯಲ್ಲಿ, ಚೀಲದ ಮೇಲೆ ಒರಗಿಸಿ, 200 ಮೀಟರ್‌ನಲ್ಲಿ ಊಟದ ತಟ್ಟೆಗೆ ತಪ್ಪದೆ ತಾಗಿಸುವವರೆಗೆ ಅಭ್ಯಾಸ ಮಾಡಿ, ಅದಕ್ಕಿಂತ ದೂರ ಹೊಡೆಯಬೇಡಿ. ಕರಡಿ ಅಡ್ಡ ನಿಂತು, ಈ ಬದಿಯ ಮುಂಗಾಲನ್ನು ಮುಂದಿಟ್ಟಾಗ ಕಾಲಿನ ಹಿಂದೆ, ಎದೆಗೂಡಿನ ನಡುವಿಗೆ. ಉದ್ದ ಕೂದಲು ದೇಹದ ಗೆರೆಯನ್ನು ಮರೆಮಾಡುತ್ತದೆ; ಕೊಬ್ಬು ಗಾಯವನ್ನು ಮುಚ್ಚಿಬಿಡುತ್ತದೆ, ನೆಲದ ಮೇಲೆ ರಕ್ತ ಬೀಳುವುದೇ ಕಡಿಮೆ. ಗಾಯಗೊಂಡ ಕರಡಿಯನ್ನು ಕತ್ತಲಲ್ಲಿ ಪೊದೆಯೊಳಗೆ ಹುಡುಕುವ ಪರಿಸ್ಥಿತಿ ಯಾರಿಗೂ ಬೇಡ.

ಡಲ್ಲಾಸ್ ಗೆಳೆಯ
ನಿಜವಾಗಿ ತಿನ್ನುತ್ತೀರಾ? ರುಚಿ ಹೇಗೆ?

ಕಾಚಂಪುಳಿ
ತಿನ್ನದಿದ್ದರೆ ಹೋಗುವುದೇಕೆ? ಹುಲ್ಲು ಮೇಯ್ದ ವಸಂತದ ಕರಡಿಯ ಮಾಂಸ ಚೆನ್ನಾಗಿರುತ್ತದೆ. ಕೊಳೆತ ಹೆಣದ ಮೇಲೆ ಕುಳಿತಿದ್ದ ಕರಡಿಯ ಬಗ್ಗೆ ಹಾಗೆ ಹೇಳಲಾರೆ. ನಾನು ಪಂದಿ ಕರಿಯ ಕ್ರಮದಲ್ಲೇ ಮಾಡುತ್ತೇನೆ, ಹುರಿದ ಮಸಾಲೆ, ಕಾಳುಮೆಣಸು, ಕೊನೆಗೆ ನನ್ನ ಹೆಸರಿನ ಹುಳಿ.

ಆದರೆ ಒಂದು ಮಾತಿಗೆ ರಿಯಾಯಿತಿ ಇಲ್ಲ. ಕರಡಿ ಮಾಂಸದಲ್ಲಿ ಟ್ರಿಕಿನೆಲ್ಲಾ ಎಂಬ ಹುಳು ಇರಬಹುದು, ಒಳಭಾಗ 71 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಲೇಬೇಕು. ಫ್ರೀಜರ್‌ನಲ್ಲಿಟ್ಟರೆ ಸಾಯುತ್ತದೆ ಎಂಬುದು ಹಂದಿಯ ವಿಷಯದಲ್ಲಿ ಸರಿ. ಕರಡಿಯಲ್ಲಿರುವ ಜಾತಿಗೆ ಹಿಮ ಅಭ್ಯಾಸವಾಗಿಹೋಗಿದೆ. 2022ರಲ್ಲಿ ದಕ್ಷಿಣ ಡಕೋಟಾದಲ್ಲಿ ಒಂದು ಕುಟುಂಬದ ಕೂಟದಲ್ಲಿ, 45 ದಿನ ಫ್ರೀಜರ್‌ನಲ್ಲಿದ್ದ ಕರಡಿ ಮಾಂಸವನ್ನು ಕಬಾಬ್ ಮಾಡಿದರು. ಮಾಂಸದ ಬಣ್ಣವೇ ಗಾಢವಾದ್ದರಿಂದ ಬೆಂದಿದೆಯೋ ಇಲ್ಲವೋ ತಿಳಿಯಲಿಲ್ಲ. ಆರು ಮಂದಿಗೆ ಸೋಂಕು ತಗಲಿತು. ಅವರಲ್ಲಿ ಇಬ್ಬರು ಮಾಂಸ ಮುಟ್ಟಿರಲೇ ಇಲ್ಲ, ಅದರ ಜೊತೆ ಬೆಂದ ತರಕಾರಿಯನ್ನಷ್ಟೇ ತಿಂದಿದ್ದರು! ‘ನಾನು ಬರೀ ಪಕ್ಕದ್ದನ್ನು ತಿನ್ನುತ್ತೇನೆ’ ಎನ್ನುವ ನಮ್ಮ ಜನ ಇದನ್ನು ಎರಡು ಸಲ ಓದಲಿ. ನಮ್ಮ ಪ್ರೆಷರ್ ಕುಕ್ಕರ್ ಇರುವವರೆಗೆ ಈ ಭಯ ಬೇಡ, ಒಲೆಯ ಮೇಲಿನ ಅರೆಬೆಂದ ಶೋಕಿಗಳನ್ನು ಬಿಟ್ಟರಾಯಿತು.

ತುಂಗಾತೀರ
ತೀರ್ಥಹಳ್ಳಿ ಕಡೆಯವನಾಗಿ ಒಂದು ಪ್ರಶ್ನೆ: ಅಲ್ಲಿ ಉಣುಗು ಇವೆಯೇ?

ದೂರದೃಷ್ಟಿ
ಇವೆ, ವಸಂತದಲ್ಲೇ ಜಾಸ್ತಿ, ಅದೂ ನೀವು ಕೂರುವ ಆ ಬಿಸಿಲಿನ ಹುಲ್ಲು ಏಣುಗಳಲ್ಲೇ. ಮಂಗನ ಕಾಯಿಲೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಬಿಟರ್‌ರೂಟ್ ಕಣಿವೆಯ ಹ್ಯಾಮಿಲ್ಟನ್ ಊರಿನ ದೊಡ್ಡ ಸರಕಾರಿ ಪ್ರಯೋಗಾಲಯ ಬೆಳೆದದ್ದೇ ಅಲ್ಲಿನ ಉಣುಗು ಜ್ವರದ ಅಧ್ಯಯನದಿಂದ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬಟ್ಟೆಗೆ ಪರ್ಮೆಥ್ರಿನ್ ಕೀಟನಾಶಕ ಸಿಂಪಡಿಸಿ, ಪ್ರತಿ ರಾತ್ರಿ ಮೈ ನೋಡಿಕೊಳ್ಳಿ.

ಡಲ್ಲಾಸ್ ಗೆಳೆಯ
ಉಗುರನ್ನು ಬೆಳ್ಳಿಯಲ್ಲಿ ಕಟ್ಟಿಸಿ ಊರಿಗೆ ಒಯ್ಯಬಹುದೇ?

ನಿಯಮಾವಳಿ
ಆಲೋಚನೆಯನ್ನೇ ಬಿಡಿ. ಅಮೆರಿಕದ ಕಪ್ಪು ಕರಡಿ 1992ರಿಂದ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ; ಅನುಮತಿ ಪತ್ರವಿಲ್ಲದೆ ಅದರ ಯಾವ ಭಾಗವೂ ಗಡಿ ದಾಟುವಂತಿಲ್ಲ. ಊರಿನಲ್ಲಿ ಅದು ಯಾವ ದೇಶದ ಕರಡಿಯ ಉಗುರು ಎಂದು ಯಾರು ನಂಬುತ್ತಾರೆ? 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕಗಳ ಹಿಂದೆ ಕರ್ನಾಟಕದ ಅರಣ್ಯ ಇಲಾಖೆ ಹೇಗೆ ಬಿದ್ದಿತ್ತು ಎಂಬುದು ಎಲ್ಲರಿಗೂ ನೆನಪಿರಬೇಕು.

ಹಾಸನದ ಹುಡುಗ
ಪರಿಷ್ಕೃತ ಯೋಜನೆ: ಮೇ ಕೊನೆಯ ವಾರ, ಕೆಲಸದ ದಿನಗಳಲ್ಲಿ. ಗೇಟ್‌ನಿಂದ 4 ಕಿ.ಮೀ., ಮುಚ್ಚಿದ ನಾಟಾ ರಸ್ತೆಯಲ್ಲಿ ಸೈಕಲ್, ಹಿಂದೆ ಎಳೆಯುವ ಗಾಡಿ. ತೊರೆಯ ಈಚೆ ದಡದ ಏಣಿನ ಮೇಲೆ ಕುಳಿತು ಆಚೆ ದಡದ ಇಳಿಜಾರು ನೋಡುವುದು. ಅಕ್ಕ, ಭೂಪಟದ ಚಿತ್ರ ಹಾಕಿದ್ದೇನೆ.

ಕಾಚಂಪುಳಿ
ನೋಡಿದೆ. ದೂರ ಸರಿಯಾಗಿದೆ, ಇಳಿಜಾರಿನ ದಿಕ್ಕೂ ಸರಿಯಾಗಿದೆ. ತೊರೆ ಸರಿಯಿಲ್ಲ. ಮೇ ಕೊನೆಯಲ್ಲಿ ಹಿಮ ಕರಗಿದ ನೀರು ಹಗಲಿಡೀ ಏರುತ್ತದೆ. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ತೊರೆ ಸಂಜೆಗೆ ತೊಡೆ ದಾಟಿರುತ್ತದೆ. ನಿಮ್ಮ ಕರಡಿ ಕಾಣುವುದು ಸಂಜೆ, ಅದೂ ಆಚೆ ದಡದಲ್ಲಿ. ಚಿತ್ರದಲ್ಲಿ ಮೇಲಕ್ಕೆ ಒಂದೂವರೆ ಕಿ.ಮೀ. ದೂರದಲ್ಲಿ ಹಳೆಯ ಸೇತುವೆಯ ಗುರುತಿದೆ. ಅದು ಇನ್ನೂ ನಿಂತಿದೆಯೇ ಎಂದು ಅರಣ್ಯ ಕಚೇರಿಯನ್ನು ಕೇಳಿ. ಇದ್ದರೆ ಇದೇ ಜಾಗ. ಇಲ್ಲದಿದ್ದರೆ ರಸ್ತೆಯ ಬದಿಯಲ್ಲೇ ದಕ್ಷಿಣಕ್ಕೆ ಮುಖ ಮಾಡಿದ ಬೇರೆ ಇಳಿಜಾರು ಹುಡುಕಿ.

ಚರ್ಮಕ್ಕೆ ಅಯೋಡಿನ್ ಇಲ್ಲದ ನುಣ್ಣನೆಯ ಉಪ್ಪು ಹತ್ತು ಕಿಲೊ, ಕಾರಿನಲ್ಲಿ ಎರಡು ದೊಡ್ಡ ಐಸ್ ಪೆಟ್ಟಿಗೆ. ಸೇತುವೆಯ ಉತ್ತರ ಬಂದ ಮೇಲೆ ಇಲ್ಲೇ ಬರೆಯಿರಿ.